ದೊಡ್ಡ ಕರುಳಿನ ಲೋಳೆಪದರ: ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಮೊದಲು ಕೆಡುವುದು ಯಾವುದು?

ದೊಡ್ಡ ಕರುಳಿನ ಒಳಗೋಡೆ ಉರಿದು ಹುಣ್ಣಾಗುವ, ರಕ್ತ ಬೆರೆತ ಭೇದಿಯ ಅಲ್ಸರೇಟಿವ್ ಕೊಲೈಟಿಸ್ ಆಮಶಂಕೆಗಿಂತ ಬೇರೆ ಎಂಬುದನ್ನು 1859ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ವಿಲ್ಕ್ಸ್ ಗುರುತಿಸಿದ ಮೇಲೆ, ಅದರ ಮೂಲವನ್ನು ಸೋಂಕಿನಲ್ಲಿ, ರೋಗಿಯ ಮನಸ್ಸಿನಲ್ಲಿ, ಕೊನೆಗೆ ರೋಗನಿರೋಧಕ ವ್ಯವಸ್ಥೆಯಲ್ಲಿ ಹುಡುಕುತ್ತಾ ಬರಲಾಯಿತು. ನರಳುವವರ ಸ್ವಭಾವವನ್ನೇ ದಶಕಗಳ ಕಾಲ ದೂರಿದ್ದು ಗಾಯದ ಮೇಲೆ ಎಳೆದ ಬರೆಯಾಗಿತ್ತು. 1955ರಲ್ಲಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಔಷಧದ ಪ್ರಯೋಜನ ಸಾಬೀತಾದಂದಿನಿಂದ ಚಿಕಿತ್ಸೆಯ ಗಮನ ಉರಿಯೂತವನ್ನು ತಣಿಸುವುದರ ಮೇಲೆಯೇ ನೆಲೆಸಿತು.

ಆದರೆ ನಿರೋಧಕ ಕೋಶಗಳು ಕೆರಳಿದ್ದೇಕೆ? ಕರುಳಿನ ಒಳಗೋಡೆಯ ಕೋಶಗಳು ನಾರಿನಂಶದಿಂದ ಬ್ಯಾಕ್ಟೀರಿಯಾಗಳು ತಯಾರಿಸುವ ಬ್ಯುಟಿರೇಟ್ ಅನ್ನು ಇಂಧನವಾಗಿ ಬಳಸುತ್ತವೆ. ಈ ರೋಗದಲ್ಲಿ ಆ ಸಾಮರ್ಥ್ಯ ಕುಗ್ಗಿರುತ್ತದೆ ಎಂದು ಸಂಶೋಧಕ ರೋಡಿಗರ್ 1980ರಲ್ಲೇ ತೋರಿಸಿದ್ದರು. ಗೋಡೆಯ ಕಡೆಗೆ ಬೆರಳು ಮಾಡಿದ ಆ ಮಾತಿಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲವೆಂದೇ ಅನ್ನಿಸುತ್ತದೆ.

ಗೋಡೆಯ ಮೇಲಿನ ಲೋಳೆಯಂತೂ ಬಹುಕಾಲ ಕಣ್ಣಿಗೇ ಬೀಳಲಿಲ್ಲ. ಅಂಗಾಂಶವನ್ನು ಕೆಡದಂತೆ ಇಡಲು ಬಳಸುವ ಫಾರ್ಮಲಿನ್ ದ್ರಾವಣದಲ್ಲಿ ಅದು ಕುಸಿದುಹೋಗುತ್ತಿತ್ತು. ನೀರಿಲ್ಲದ ದ್ರಾವಣ ಬಳಸಿ ಲೋಳೆಯನ್ನು ಉಳಿಸಿಕೊಂಡ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಮಾಲಿನ್ ಯೊಹಾನ್ಸನ್, ಗುನ್ನಾರ್ ಹಾನ್ಸನ್ ಮತ್ತು ಸಂಗಡಿಗರು 2008ರಲ್ಲಿ ಇಲಿಯ ದೊಡ್ಡ ಕರುಳಿನಲ್ಲಿ ಎರಡು ಪದರಗಳನ್ನು ಕಂಡರು: ಹೊರಗಿನ ಸಡಿಲ ಪದರ ಬ್ಯಾಕ್ಟೀರಿಯಾಗಳ ಬೀಡು, ಗೋಡೆಗೆ ಅಂಟಿದ, ಸುಮಾರು 50 ಮೈಕ್ರೋಮೀಟರ್ ದಪ್ಪದ ಒಳಪದರದಲ್ಲಿ ಅವುಗಳ ಸುಳಿವಿಲ್ಲ. ಎರಡನ್ನೂ ಕಟ್ಟುವುದು ಗೋಡೆಯಲ್ಲಿನ ಗಾಬ್ಲೆಟ್ ಎಂಬ ಕೋಶಗಳು ಸ್ರವಿಸುವ ಮ್ಯೂಸಿನ್-2 ಎಂಬ ಪ್ರೋಟೀನು. ಅದಿಲ್ಲದ ಇಲಿಗಳಿಗೆ ಕೊಲೈಟಿಸ್ ತಾನಾಗಿಯೇ ಬರುತ್ತದೆ. ರೋಗ ಉಲ್ಬಣಿಸಿದವರಲ್ಲಿ ಬ್ಯಾಕ್ಟೀರಿಯಾಗಳು ಒಳಪದರವನ್ನು ದಾಟಿ ಕೋಶಗಳನ್ನು ಮುಟ್ಟುತ್ತವೆ ಎಂದು 2014ರಲ್ಲಿ ಕಂಡುಬಂತು. ಗೋಥೆನ್‌ಬರ್ಗ್ ತಂಡದ 2019ರ ಅಧ್ಯಯನದಲ್ಲಿ, ರೋಗ ಅಡಗಿ ಶಮನದ ಸ್ಥಿತಿಯಲ್ಲಿದ್ದ ಕೆಲವರಲ್ಲೂ ಪದರ ದುರ್ಬಲವಾಗಿತ್ತು. ಹಾಗಾಗಿ ಲೋಳೆಯ ಬಿರುಕನ್ನು ಬರೀ ಉರಿಯೂತದ ಪರಿಣಾಮವೆಂದು ತಳ್ಳಿಹಾಕುವುದು ಕಷ್ಟ. ಟಿಎನ್‌ಎಫ್‌ನಂಥ ಉರಿಯೂತದ ಸಂಕೇತಗಳು ಕೋಶಗಳ ನಡುವಿನ ಬೆಸುಗೆಯನ್ನು ಸಡಿಲಿಸುವುದೂ ನಿಜವೇ. ಒಂದು ಇನ್ನೊಂದನ್ನು ಪೋಷಿಸುವ ವಿಷಚಕ್ರವಿದು.

‘ಸೋರುವ ಕರುಳು’ ಎಂಬ ಹೆಸರಿನಲ್ಲಿ ಇಂದು ಮಾರಾಟವಾಗುವ ಪುಡಿಗಳಿಗೂ ಈ ಸಂಶೋಧನೆಗೂ ಸಂಬಂಧವಿಲ್ಲ. ಅವನ್ನು ನಂಬಿ ವೈದ್ಯರು ಕೊಟ್ಟ ಔಷಧ ನಿಲ್ಲಿಸುವುದು ಅಪಾಯ. ಲೋಳೆಯನ್ನೇ ಬಲಪಡಿಸಲು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಲೆಸಿಥಿನ್ ಎಂಬ ಕೊಬ್ಬಿನಂಥ ವಸ್ತುವಿನ ಘಟಕವೊಂದನ್ನು 60 ರೋಗಿಗಳ ಮೇಲೆ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಫಲಿತಾಂಶ ಆಶಾದಾಯಕವಾಗಿತ್ತಾದರೂ, ಅದು ಚಿಕಿತ್ಸಾಲಯದ ಔಷಧವಾಗುವವರೆಗೆ ಬೆಳೆಯಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಈ ರೋಗಕ್ಕೆ ಅನುಮತಿ ಪಡೆದ ಇನ್‌ಫ್ಲಿಕ್ಸಿಮಾಬ್ ಕೂಡ ಟಿಎನ್‌ಎಫ್ ಅನ್ನು ತಡೆದು ಉರಿಯೂತವನ್ನು ತಣಿಸುವ ಔಷಧವೇ, ಲೋಳೆಯನ್ನು ಬಲಪಡಿಸುವುದಲ್ಲ.