ಡಿಜಿಟಲ್ ಗ್ರಂಥಾಲಯದ ಲೋಗೋ: ಮೊದಲು ಚಿಕ್ಕದರಲ್ಲಿ ನೋಡಿ

ಗ್ರಂಥಾಲಯಕ್ಕೆ ಲೋಗೋ ಮಾಡಿ ಅಂದ ಕೂಡಲೇ ಎಲ್ಲರ ಕೈ ತೆರೆದ ಪುಸ್ತಕದ ಚಿತ್ರಕ್ಕೇ ಹೋಗುತ್ತದೆ. ನಾನೂ ಮೊದಲ ಸಲ ಅದನ್ನೇ ಬರೆದೆ. ಆದರೆ ಅದು ಪುಸ್ತಕದಂಗಡಿಗೂ ಒಪ್ಪುತ್ತದೆ, ಟ್ಯೂಷನ್ ಸೆಂಟರ್‌ಗೂ ಒಪ್ಪುತ್ತದೆ, ಅಲ್ವಾ? ಹಳೆಯ ಪುಸ್ತಕ, ವೆಬ್ ಪುಟಗಳನ್ನು ಕೂಡಿಡುವ ಡಿಜಿಟಲ್ ಗ್ರಂಥಾಲಯ ಇಂಟರ್ನೆಟ್ ಆರ್ಕೈವ್ ನೋಡಿ. ಅದರ ಗುರುತು ಸಾಲುಕಂಬಗಳ ಗ್ರೀಕ್ ಕಟ್ಟಡ. 2009ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಹಳೆಯ ಚರ್ಚ್ ಕೊಂಡರು, ಅದು ತಮ್ಮ ಲೋಗೋ ಇದ್ದ ಹಾಗೇ ಇದೆ ಅನ್ನೋದೂ ಅದಕ್ಕೊಂದು ಕಾರಣ.

ಕನ್ನಡದ ಗ್ರಂಥಾಲಯಕ್ಕೆ ಚಿತ್ರಕ್ಕಿಂತ ಅಕ್ಷರವೇ ಮುಖ ಅಂತ ನನ್ನ ನಂಬಿಕೆ. ಆ ಅಕ್ಷರವನ್ನು ಮೊದಲು ದೊಡ್ಡ ಪರದೆಯಲ್ಲಿ ನೋಡಬೇಡಿ, ಬ್ರೌಸರ್ ಟ್ಯಾಬ್‌ನಲ್ಲಿ ಕಾಣುವ 16×16 ಪಿಕ್ಸೆಲ್ ಅಳತೆಯಲ್ಲಿ ನೋಡಿ. ‘ಗ್ರಂಥಾಲಯ’ ಪದವನ್ನೇ ತಗೊಳ್ಳಿ. ‘ಥ’ದ ಒಳಗೆ ಒಂದು ಚುಕ್ಕೆ ಇದೆ, ಕೆಳಗೆ ಹೊಟ್ಟೆ ಸೀಳು ಇದೆ. ದಪ್ಪ ಅಕ್ಷರ ಆರಿಸಿ ಕುಗ್ಗಿಸುತ್ತಾ ಹೋದರೆ ಮೊದಲು ಚುಕ್ಕೆ ಮುಚ್ಚಿಹೋಗಿ ‘ಗ್ರಂಧಾಲಯ’ ಅಂತ ಓದಿಸುತ್ತದೆ, ಆಮೇಲೆ ಸೀಳೂ ಹೋಗುತ್ತದೆ, ‘ಗ್ರ’ದ ಕೆಳಗಿನ ಒತ್ತು ಬರೀ ಒಂದು ಕಲೆಯಾಗಿ ಉಳಿಯುತ್ತದೆ. ಹಾಗಾಗಿ ಚಿಕ್ಕ ಗುರುತಿಗೆ ಒತ್ತಿಲ್ಲದ, ಚುಕ್ಕೆಯಿಲ್ಲದ ಒಂದೇ ಅಕ್ಷರ ಸಾಕು. ಪೂರ್ತಿ ಹೆಸರು ಪುಟದ ಮೇಲ್ಭಾಗದಲ್ಲಿ ಇರಲಿ.

ಡಿಸೈನ್ ಸಾಫ್ಟ್‌ವೇರ್ ಒತ್ತಕ್ಷರ, ಗುಣಿತಾಕ್ಷರ ಒಡೆಯುತ್ತಿದೆಯಾ ಅಂತಲೂ ನೋಡಿ. ವಿಕಿಪೀಡಿಯಾ ಲೋಗೋದ ಹಳೆಯ ಗೋಳದಲ್ಲೇ ದೇವನಾಗರಿಯ ‘ವಿ’ ತಪ್ಪಾಗಿ ಕೂತಿತ್ತು, ಸರಿಯಾಗಿದ್ದು 2010ರಲ್ಲಿ! ಸರಿಯಾಗಿ ಕೂತ ಮೇಲೆ ಅಕ್ಷರವನ್ನು ಔಟ್‌ಲೈನ್ ಮಾಡಿ, ಅಂದರೆ ಫಾಂಟ್ ಬೇಡದ ಗೆರೆಚಿತ್ರವಾಗಿ ಬದಲಿಸಿ, ಎಷ್ಟು ಹಿಗ್ಗಿಸಿದರೂ ಮಸುಕಾಗದ ಎಸ್‌ವಿಜಿ ಚಿತ್ರ ಕಡತದಲ್ಲಿ ಉಳಿಸಿ, ಆಗ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಕೆಡುವುದಿಲ್ಲ.

ಬಣ್ಣ. ಕನ್ನಡ ಅಂದರೆ ಅರಿಶಿನ-ಕುಂಕುಮ ಅನ್ನೋ ಆಸೆ ಸಹಜ, ನನಗೂ ಇಷ್ಟ. ಆದರೆ ಬಿಳಿ ಹಿನ್ನೆಲೆಯ ಮೇಲೆ ಹಳದಿ ಅಕ್ಷರ ಓದಲು ಆಗುವುದೇ ಇಲ್ಲ. ವೆಬ್ ಪುಟ ಎಲ್ಲರಿಗೂ ಓದಲು ಆಗಬೇಕು ಅನ್ನೋ ಸುಲಭಲಭ್ಯತೆಯ ನಿಯಮದಂತೆ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸ ಬೇಕು, ಬಿಳಿಯ ಮೇಲೆ ಅಚ್ಚ ಹಳದಿಗೆ ಸಿಗುವುದು ಸುಮಾರು 1.07:1 ಮಾತ್ರ. ಹಳದಿಯನ್ನು ಹಿನ್ನೆಲೆಗೆ ಇಟ್ಟುಕೊಂಡು ಅಕ್ಷರಕ್ಕೆ ಕಡು ಕುಂಕುಮ ಕೊಡಿ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ್ದು ಪುಸ್ತಕಗಳ ಮುಖಪುಟಗಳಿಗೆ. ಓದುವವರು ಲೋಗೋ ನೋಡೋದು ಒಂದು ಕ್ಷಣ, ಮುಖಪುಟಗಳ ಸಾಲನ್ನು ನೋಡೋದು ಗಂಟೆಗಟ್ಟಲೆ. ಸ್ಕ್ಯಾನ್ ಆದ ಹಳೆಯ ಪುಸ್ತಕಗಳಲ್ಲಿ ಎಷ್ಟೋ ಕಡೆ ಮೂಲ ಹೊದಿಕೆ ಇರುವುದಿಲ್ಲ, ಬೈಂಡಿಂಗ್ ಮಾಡಿಸಿದ ಕಂದು ರಟ್ಟು ಮಾತ್ರ. ಅಂಥ ಇಪ್ಪತ್ತು ಪುಸ್ತಕ ಒಟ್ಟಿಗೆ ಕಂಡರೆ ಯಾವುದು ಯಾವುದೆಂದು ತಿಳಿಯುವುದೇ ಇಲ್ಲ. ಅವಕ್ಕೆ ಒಂದು ಸರಳ ಅಚ್ಚು ಮಾಡಿ: ವಿಷಯಕ್ಕೊಂದು ಬಣ್ಣ, ದೊಡ್ಡದಾಗಿ ಹೆಸರು, ಕೆಳಗೆ ಲೇಖಕರು ಮತ್ತು ವರ್ಷ. ಇದಕ್ಕೆ ಅನೇಕ್ ಕನ್ನಡ ಫಾಂಟ್ ತುಂಬಾ ಚೆನ್ನಾಗಿ ಒದಗುತ್ತದೆ. ಉಚಿತ, ಮುಕ್ತ ಪರವಾನಗಿ ಇದೆ, ದಪ್ಪದ ಜೊತೆಗೆ ಅಗಲವನ್ನೂ ಹೆಚ್ಚು ಕಡಿಮೆ ಮಾಡಬಹುದು, ಉದ್ದ ಹೆಸರಿದ್ದರೆ ಅಕ್ಷರದ ಗಾತ್ರ ಇಳಿಸದೆ ಅಗಲ ಮಾತ್ರ ಕಿರಿದು ಮಾಡಿ. ಹೆಸರು ಎರಡು ಸಾಲಿಗೆ ಇಳಿದರೆ ಸಾಲಿನ ನಡುವೆ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.