ಹಳೆ ಗೇಮಿಂಗ್ ಪಿಸಿ ಎಲ್ಲಿ ತಡವರಿಸುತ್ತದೆ?

ಗೇಮ್ ಆಡುವಾಗ ತೆರೆ ಮೇಲೆ ಕಾಣುವುದು ಬಹುತೇಕ ಆ ಕ್ಷಣದಲ್ಲೇ ಬರೆದ ಚಿತ್ರ. ಸೆಕೆಂಡಿಗೆ 60 ಚಿತ್ರ ಬೇಕು ಅಂದರೆ ಒಂದೊಂದಕ್ಕೂ ಸಿಗುವ ಸಮಯ 16.7 ಮಿಲಿಸೆಕೆಂಡ್. ಅಷ್ಟರೊಳಗೆ ಕಂಪ್ಯೂಟರಿನ ಮುಖ್ಯ ಲೆಕ್ಕಾಚಾರದ ಚಿಪ್ಪಾದ ಸಿಪಿಯು, ನೀವು ಒತ್ತಿದ ಕೀ ಯಾವುದು, ಎದುರಾಳಿ ಎಲ್ಲಿದ್ದಾನೆ, ಗುಂಡು ಯಾರಿಗೆ ತಗುಲಿತು ಅಂತ ಲೆಕ್ಕ ಹಾಕಿ, ಏನೇನು ಬರೆಯಬೇಕು ಎಂಬ ಪಟ್ಟಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಕೊಡುತ್ತದೆ. ಕಾರ್ಡು ಆ ಪಟ್ಟಿ ಹಿಡಿದು ಬಣ್ಣ ತುಂಬುತ್ತದೆ. 1080ಪಿ ಮಾನಿಟರಿನಲ್ಲಿ ಇರುವುದು 20,73,600 ಚುಕ್ಕಿ. ಸೆಕೆಂಡಿಗೆ 60 ಸಲ ಅಂದರೆ ಹನ್ನೆರಡು ಕೋಟಿ ಚಿಲ್ಲರೆ ಚುಕ್ಕಿ.

ಮಂಡ್ಯ ಕಡೆ ಆಲೆಮನೆ ನೋಡಿದವರಿಗೆ ಈ ವ್ಯವಸ್ಥೆ ಚೆನ್ನಾಗಿ ಅರ್ಥವಾಗುತ್ತದೆ. ಗಾಣ ಎಷ್ಟೇ ಜೋರಾಗಿ ಕಬ್ಬು ಅರೆದರೂ ಕೊಪ್ಪರಿಗೆ ಒಂದೇ ಇದ್ದರೆ ಬೆಲ್ಲ ಬರುವುದು ಕೊಪ್ಪರಿಗೆಯ ವೇಗದಲ್ಲೇ. ಗಾಣವೇ ನಿಧಾನವಾದರೆ ಹತ್ತು ಕೊಪ್ಪರಿಗೆ ಇಟ್ಟರೂ ಉಪಯೋಗ ಇಲ್ಲ. ಹಳೆ ಕಂಪ್ಯೂಟರ್ ಕೈಯಲ್ಲಿಟ್ಟುಕೊಂಡು ಅಂಗಡಿಗೆ ಹೋಗುವ ಮುಂಚೆ ತಿಳಿಯಬೇಕಾದ್ದು ಇಷ್ಟೇ: ನಿಮ್ಮದರಲ್ಲಿ ಸಿಪಿಯು ಎಂಬ ಗಾಣ ಹಿಂದೆ ಬಿದ್ದಿದೆಯೋ, ಕಾರ್ಡು ಎಂಬ ಕೊಪ್ಪರಿಗೆಯೋ? ಇದನ್ನು ನೋಡದೆ ದುಡ್ಡು ಹಾಕಿದವರನ್ನು ಮೈಸೂರು, ಮಂಡ್ಯ ಎರಡೂ ಕಡೆ ಬೇಕಾದಷ್ಟು ಕಂಡಿದ್ದೇನೆ. ಕಷ್ಟಪಟ್ಟು ಕೂಡಿಸಿದ ಹತ್ತು ಸಾವಿರ ರೂಪಾಯಿ ಹೋಗುತ್ತೆ, ಗೇಮ್ ಮಾತ್ರ ಮೊದಲಿನ ಹಾಗೇ ಇರುತ್ತೆ.

ಕಂಡುಹಿಡಿಯೋದು ಸುಲಭ, ಪುಕ್ಕಟೆ ಕೂಡ. ಗೇಮಿನ ಸೆಟ್ಟಿಂಗ್ಸಿನಲ್ಲಿ ಚಿತ್ರಗಳ ವೇಗಕ್ಕೆ ಕಡಿವಾಣ ಹಾಕುವ ವಿ-ಸಿಂಕ್ ಮತ್ತು ಫ್ರೇಮ್ ಮಿತಿ ಎರಡನ್ನೂ ತೆಗೆದುಹಾಕಿ. ಒಂದೇ ಜಾಗದಲ್ಲಿ ನಿಂತು ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ) ಎಷ್ಟು ಬರುತ್ತೆ ನೋಡಿ. ಈಗ ರೆಸಲ್ಯೂಶನ್ ಅನ್ನು 1080ಪಿಯಿಂದ 720ಪಿಗೆ ಇಳಿಸಿ. ಚುಕ್ಕಿಗಳ ಸಂಖ್ಯೆ ಅರ್ಧಕ್ಕಿಂತ ಕಡಿಮೆ ಆಯಿತು, ಕಾರ್ಡಿನ ಹೊರೆ ಇಳಿಯಿತು. ಎಫ್‌ಪಿಎಸ್ ಚೆನ್ನಾಗಿ ಮೇಲೆ ಹೋದರೆ ಅಡ್ಡಿ ಇದ್ದದ್ದು ಕಾರ್ಡಿನಲ್ಲಿ. ಅಲ್ಲೇ ನಿಂತಿದ್ದರೆ ಕಾರ್ಡು ಸುಮ್ನೆ ಕಾಯುತ್ತಾ ಕೂತಿದೆ, ಸಿಪಿಯು ಪಟ್ಟಿ ಕೊಡುತ್ತಿಲ್ಲ ಅಂತ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ಉಚಿತ ತಂತ್ರಾಂಶ ಹಾಕಿಕೊಂಡರೆ ಕಾರ್ಡು ಶೇಕಡಾ ಎಷ್ಟು ಕೆಲಸ ಮಾಡುತ್ತಿದೆ ಎಂಬುದೂ ತೆರೆಯ ಮೂಲೆಯಲ್ಲೇ ಕಾಣುತ್ತದೆ. 97, 98 ತೋರಿಸಿದರೆ ಅದು ಪೂರ್ತಿ ದುಡಿಯುತ್ತಿದೆ. ಸಿಪಿಯು ಬಳಕೆ 50 ತೋರಿಸಿದರೆ ಮಾತ್ರ ಮೋಸ ಹೋಗಬೇಡಿ. ಸಿಪಿಯು ಒಳಗೆ ಲೆಕ್ಕ ಮಾಡುವ ನಾಲ್ಕು ಕೋರ್‌ಗಳಲ್ಲಿ ಒಂದು ಪೂರ್ತಿ ಬಳಲಿ, ಉಳಿದವು ಮೂರರಲ್ಲಿ ಒಂದು ಪಾಲಷ್ಟೇ ದುಡಿದರೂ ಸರಾಸರಿ 50 ಬರುತ್ತದೆ. ಗೇಮಿನ ಮುಖ್ಯ ಲೆಕ್ಕಾಚಾರ ಹೆಚ್ಚಾಗಿ ಒಂದೇ ಕೋರಿನ ತಲೆ ಮೇಲೆ ಬೀಳುವುದರಿಂದ ಹೀಗೆ.

ಮಂಡ್ಯದಲ್ಲಿರುವ ನನ್ನ ಅಕ್ಕನ ಮಗನ ಪಿಸಿಯಲ್ಲಿ ಆಗಿದ್ದು ಇದೇ. ನಾಲ್ಕನೇ ತಲೆಮಾರಿನ ಐ5-4460, 8 ಜಿಬಿ ಡಿಡಿಆರ್3 ರ‍್ಯಾಮ್, ಜಿಟಿಎಕ್ಸ್ 750 ಟಿಐ ಕಾರ್ಡು, 1 ಟಿಬಿ ಹಾರ್ಡ್ ಡಿಸ್ಕ್. ಹತ್ತು ವರ್ಷದ ಹಿಂದೆ ಮಧ್ಯಮ ವರ್ಗದ ಮನೆಗೆ ಬಂದ ಒಳ್ಳೆ ಗೇಮಿಂಗ್ ಪಿಸಿ ಅಂದರೆ ಹೆಚ್ಚುಕಡಿಮೆ ಇದೇ. "ಮಾವ, ಕಾರ್ಡೇ ವೀಕು, ಅದನ್ನ ಬದಲಾಯ್ಸಿದ್ರೆ ಸರಿ ಹೋಯ್ತದೆ" ಅಂತ ಅವನ ನಂಬಿಕೆ. 720ಪಿಗೆ ಇಳಿಸಿ ನೋಡಿದೆವು. ಎಫ್‌ಪಿಎಸ್ ಅಲ್ಲಾಡಲಿಲ್ಲ. ಸಿಪಿಯು ಶಾಖ ನೋಡಿದರೆ 98 ಡಿಗ್ರಿ. 3.2 ಗಿಗಾಹರ್ಟ್ಸ್‌ನಲ್ಲಿ ಓಡಬೇಕಾದ್ದು ಬಿಸಿಯಿಂದ ತನ್ನನ್ನು ಕಾಪಾಡಿಕೊಳ್ಳಲು 2ಕ್ಕಿಂತ ಕೆಳಗೆ ಬಿದ್ದಿತ್ತು.

ಪಕ್ಕದ ತಗಡು ಬಿಚ್ಚಿದಾಗ ಕಾರಣ ಎದುರಿಗೇ ಇತ್ತು. ಸಿಪಿಯು ಫ್ಯಾನಿನ ರೆಕ್ಕೆಗಳ ಅಂಚಿನಲ್ಲಿ ಬೂದು ಬಣ್ಣದ ಧೂಳು. ಫ್ಯಾನ್ ಎತ್ತಿ ನೋಡಿದರೆ ಕೆಳಗಿನ ಅಲ್ಯೂಮಿನಿಯಂ ಎಲೆಗಳೇ ಕಾಣುತ್ತಿಲ್ಲ, ಅವುಗಳ ನಡುವೆ ಧೂಳು ಕೂತು ದಪ್ಪ ಪದರ ಕಟ್ಟಿದೆ. ಗಾಳಿ ಒಳಗೆ ಹೋಗಲು ದಾರಿಯೇ ಇರಲಿಲ್ಲ. ಇಂಟೆಲ್ ಕೂಲರನ್ನು ಮದರ್‌ಬೋರ್ಡಿಗೆ ಹಿಡಿಸುವ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಕಿತ್ತುಕೊಂಡು, ಕೂಲರ್ ಒಂದು ಕಡೆಗೆ ವಾಲಿತ್ತು. ಅಡಿಯಲ್ಲಿದ್ದ ಥರ್ಮಲ್ ಪೇಸ್ಟ್ ಒಣಗಿ, ಉಗುರಲ್ಲಿ ಕೆರೆದರೆ ಪುಡಿಯಾಗಿ ಉದುರುತ್ತಿತ್ತು.

ಆ ಪೇಸ್ಟಿನ ಕೆಲಸ ಸಣ್ಣದು ಅನಿಸುತ್ತದೆ, ಆದರೆ ಭೌತಶಾಸ್ತ್ರದಲ್ಲಿ ಅದರ ಪಾತ್ರ ದೊಡ್ಡದು. ಎರಡು ಲೋಹದ ಮೇಲ್ಮೈಗಳನ್ನು ಎಷ್ಟೇ ನುಣುಪು ಮಾಡಿ ಒತ್ತಿದರೂ ನಡುವೆ ಕಣ್ಣಿಗೆ ಕಾಣದ ಸಂದುಗಳು ಉಳಿಯುತ್ತವೆ. ಅಲ್ಲಿ ತುಂಬಿಕೊಳ್ಳುವುದು ಗಾಳಿ. ಶಾಖವನ್ನು ಸಾಗಿಸುವುದರಲ್ಲಿ ಗಾಳಿಯಷ್ಟು ಸೋಮಾರಿ ಇನ್ನೊಂದಿಲ್ಲ. ತಾಮ್ರದ ಶಾಖವಾಹಕತೆ ಮೀಟರಿಗೆ, ಕೆಲ್ವಿನ್ನಿಗೆ ಸುಮಾರು 400 ವ್ಯಾಟ್ ಆದರೆ ಗಾಳಿಯದು 0.026. ಸಾಧಾರಣ ಪೇಸ್ಟಿನದು 4ರಿಂದ 8. ತಾಮ್ರದ ಮುಂದೆ ಅದು ಏನೂ ಅಲ್ಲ, ಆದರೆ ಗಾಳಿಯನ್ನು ಹೊರಗೆ ತಳ್ಳಿ ಆ ಜಾಗದಲ್ಲಿ ಕೂತರೆ ನೂರಾರು ಪಟ್ಟು ಮೇಲು. ಧೂಳು ಬ್ರಷ್‌ನಲ್ಲಿ ತೆಗೆದು, ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ಹಾಕಿ, ಆ ನಾಲ್ಕನೇ ಕಾಲನ್ನು ಟಕ್ ಅನ್ನುವ ತನಕ ಒತ್ತಿದ ಮೇಲೆ ಶಾಖ 70ರ ಆಸುಪಾಸಿಗೆ ಬಂತು. ವೇಗ ತಾನೇ 3.2ಕ್ಕೆ ಮರಳಿತು. ಖರ್ಚಾಗಿದ್ದು ಪೇಸ್ಟಿನ ಟ್ಯೂಬಿಗೆ ಮಾತ್ರ.

ಚಿಪ್ಪು ಬಿಸಿಯಾಗುವುದರ ಹಿಂದಿನ ಲೆಕ್ಕ ತಿಳಿದರೆ ಇನ್ನೊಂದು ಉಪಾಯವೂ ಸಿಗುತ್ತದೆ. ಚಿಪ್ಪು ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ಅದರ ವೇಗಕ್ಕೆ ಅನುಗುಣವಾಗಿ ಏರುತ್ತದೆ, ಆದರೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೋಲ್ಟೇಜ್ ಶೇಕಡಾ 10 ಇಳಿಸಿದರೆ 0.9ರ ವರ್ಗ 0.81, ಅಂದರೆ ಬಳಕೆ ಶೇಕಡಾ 19 ಕಡಿಮೆ. ವೇಗ ಅಷ್ಟೇ ಇರುತ್ತದೆ. ತಯಾರಕರು ಎಲ್ಲ ಚಿಪ್ಪುಗಳೂ ನಿಲ್ಲಲಿ ಅಂತ ವೋಲ್ಟೇಜನ್ನು ಸ್ವಲ್ಪ ಜಾಸ್ತಿಯೇ ಇಟ್ಟಿರುತ್ತಾರೆ. ಆಫ್ಟರ್‌ಬರ್ನರಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಗೇಮ್ ನಿಲ್ಲದೆ ಓಡುತ್ತಾ ಅಂತ ನೋಡಬಹುದು. ಏಪ್ರಿಲ್‌ನಲ್ಲಿ ಮೈಸೂರಿನ ಮಹಡಿ ಮೇಲಿನ ರೂಮು 35 ಡಿಗ್ರಿ ಮುಟ್ಟುತ್ತದೆ. ಫ್ಯಾನ್ ಎಷ್ಟೇ ತಿರುಗಿದರೂ ರೂಮಿನ ಗಾಳಿಗಿಂತ ತಂಪು ಮಾಡಲಾರದು, ಅದಕ್ಕೇ ಹುಟ್ಟುವ ಶಾಖವನ್ನೇ ತಗ್ಗಿಸುವುದು ಒಳ್ಳೆಯದು.

ಇನ್ನು ಇನ್ನೊಂದು ಬಗೆಯ ತೊಂದರೆ. ಸರಾಸರಿ 60 ಬರುತ್ತಿದೆ, ಆದರೂ ನಡುನಡುವೆ ಗಕ್ಕನೆ ನಿಂತು ಮುಂದೆ ಹೋಗುತ್ತೆ. ಇದಕ್ಕೆ ಹೆಚ್ಚಿನ ಸಲ ಹಾರ್ಡ್ ಡಿಸ್ಕ್ ಕಾರಣ. ಅದರೊಳಗಿನ ತಟ್ಟೆ ನಿಮಿಷಕ್ಕೆ 7200 ಸುತ್ತು ಸುತ್ತುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಮುಳ್ಳು ಸರಿಯಾದ ಜಾಗಕ್ಕೆ ಸರಿಯಲು ಇನ್ನೊಂದು 8, 9 ಮಿಲಿಸೆಕೆಂಡ್. ಒಂದು ತುಣುಕು ಓದಲು ಸುಮಾರು 13 ಮಿಲಿಸೆಕೆಂಡ್ ಆಯಿತು, ಅಂದರೆ ಒಂದು ಚಿತ್ರದ ಗಡುವಿನಲ್ಲಿ ಮುಕ್ಕಾಲು ಪಾಲು. ಹೊಸ ಊರಿಗೆ ಕಾಲಿಟ್ಟಾಗ ಗೇಮಿಗೆ ಇಂಥ ನೂರಾರು ತುಣುಕು ಬೇಕು. ಚಿಪ್ಪುಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದು, ಸರಿಯುವುದು ಏನೂ ಇಲ್ಲ. ಅದೇ ಕೆಲಸಕ್ಕೆ ಸುಮಾರು 0.1 ಮಿಲಿಸೆಕೆಂಡ್. ಹಾರ್ಡ್ ಡಿಸ್ಕಿನ ಕೇಬಲ್ಲಿಗೇ ಹೊಂದುವ ಸಾಧಾರಣ ಸಾಟಾ ಎಸ್‌ಎಸ್‌ಡಿ ಸಾಕು. ಅದರಿಂದ ಸರಾಸರಿ ಎಫ್‌ಪಿಎಸ್ ಏರುವುದಿಲ್ಲ, ಆದರೆ ಆ ಗಕ್ಕನೆ ನಿಲ್ಲೋದು ಕಡಿಮೆಯಾಗುತ್ತೆ, ಕಂಪ್ಯೂಟರ್ ಪೂರ್ತಿ ಹಗುರಾಗುತ್ತೆ. ಹಳೆ ಪಿಸಿಗೆ ಮೊದಲ ರೂಪಾಯಿ ಹಾಕುವುದಾದರೆ ನಾನು ಇಲ್ಲೇ ಹಾಕಿ ಅನ್ನುತ್ತೇನೆ.

ರ‍್ಯಾಮ್ ವಿಷಯ ಬೇಗ ಹೇಳಿ ಮುಗಿಸಬಹುದು. ಒಂದೇ ಕಡ್ಡಿ ಇದ್ದರೆ ಸಿಪಿಯು ಜೊತೆ ಮಾತಾಡಲು ಒಂದೇ ಚಾನೆಲ್ (ದಾರಿ). ಡಿಡಿಆರ್3-1600 ಆದರೆ ಸೆಕೆಂಡಿಗೆ 12.8 ಜಿಬಿ. ಅಂಥದ್ದೇ ಇನ್ನೊಂದು ಕಡ್ಡಿಯನ್ನು ಸರಿಯಾದ ಸ್ಲಾಟಿಗೆ ಹಾಕಿದರೆ ಎರಡು ಪಟ್ಟು. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಬೆಲೆ ವಿಪರೀತ ಏರಿದೆ, ಹಾಗಾಗಿ ಬಳಸಿದ ಕಡ್ಡಿಯಾದರೂ ಪರವಾಗಿಲ್ಲ.

ಕಾರ್ಡೇ ಅಡ್ಡಿ ಅಂತ ಖಾತ್ರಿಯಾದರೆ ಮೊದಲು ಪವರ್ ಸಪ್ಲೈ ಕಡೆ ನೋಡಿ. ಬೋರ್ಡಿನ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. 750 ಟಿಐ 60 ವ್ಯಾಟಿನಲ್ಲಿ ಬದುಕುತ್ತದೆ. ಆರ್‌ಎಕ್ಸ್ 580 ಎಂಬ ಕಾರ್ಡಿಗೆ ಬೇಕಾದ್ದು 185 ವ್ಯಾಟ್. ಕ್ಯಾಬಿನೆಟ್ ಜೊತೆ ಬಂದ ಅಗ್ಗದ ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬಿ) ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್ ಅಂತ ಬರೆದಿರುತ್ತದೆ. ಅದನ್ನು ಬಿಟ್ಟು ಪಕ್ಕದ ಸ್ಟಿಕ್ಕರಿನಲ್ಲಿ 12 ವೋಲ್ಟ್ ಸಾಲಿನ ಆಂಪಿಯರ್ ಎಷ್ಟು ಅಂತ ಓದಿ. 16 ಆಂಪಿಯರ್ ಇದ್ದರೆ 12ರಿಂದ ಗುಣಿಸಿ: 192 ವ್ಯಾಟ್. ಸಿಪಿಯು, ಕಾರ್ಡು ಎರಡೂ ಅಷ್ಟರಲ್ಲೇ ಉಣ್ಣಬೇಕು. ಇಂಥದ್ದಕ್ಕೆ ದೊಡ್ಡ ಕಾರ್ಡು ಹಾಕಿದರೆ ಎಸ್‌ಎಂಪಿಎಸ್ ಸುಟ್ಟುಹೋಗುವಾಗ ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು. ಇದರಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಕಾರ್ಡು ಆರಿಸುವಾಗ ಹೊಸದು ಅನ್ನೋ ಒಂದೇ ಕಾರಣಕ್ಕೆ ಬೀಳಬೇಡಿ. 2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ನೋಡಿ. ಅದು ಬೋರ್ಡಿನ ಜೊತೆ ಮಾತಾಡುವುದು ಮಾಹಿತಿ ಸಾಗುವ ನಾಲ್ಕೇ ಲೇನ್‌ಗಳಲ್ಲಿ (ದಾರಿಗಳಲ್ಲಿ). ಕಾರ್ಡು ಕೂರುವ ಸ್ಲಾಟು ಪಿಸಿಐಇ 4.0 ಆಗಿರುವ ಬೋರ್ಡಿನಲ್ಲಿ ಆ ನಾಲ್ಕು ಲೇನ್ ಸೇರಿ ಸೆಕೆಂಡಿಗೆ ಸುಮಾರು 8 ಜಿಬಿ ಸಾಗಿಸುತ್ತವೆ. ನಾಲ್ಕನೇ ತಲೆಮಾರಿನ ಅಗ್ಗದ ಎಚ್81 ಬೋರ್ಡುಗಳ ಸ್ಲಾಟು 2.0, ಅಲ್ಲಿ ಬರೀ 2 ಜಿಬಿ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿ ಉಳಿದದ್ದನ್ನು ರ‍್ಯಾಮಿನಿಂದ ತರಿಸಿಕೊಳ್ಳಬೇಕಾದಾಗ ಈ ಇಕ್ಕಟ್ಟು ದಾರಿ ಸಾಲುವುದಿಲ್ಲ. ಜಿಟಿಎಕ್ಸ್ 1650 ಹಳೆಯದಾದರೂ ಹದಿನಾರು ಲೇನ್ ಬಳಸುತ್ತದೆ, 75 ವ್ಯಾಟಿನೊಳಗೆ ಕೆಲಸ ಮಾಡುತ್ತದೆ. ಇಂಥ ಬೋರ್ಡಿಗೆ ನನ್ನ ಮತ ಅದಕ್ಕೇ. 1050 ಟಿಐ ಇನ್ನೂ ಅಗ್ಗಕ್ಕೆ ಸಿಗುತ್ತೆ, ಆದರೆ ಆ ತಲೆಮಾರಿಗೆ ಹೊಸ ಗೇಮ್‌ಗಳ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ.

ಬಳಸಿದ ಕಾರ್ಡಿಗೆ ನಮ್ಮ ಕಡೆಯವರು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವುದು ರೂಢಿ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಕ್ರಿಪ್ಟೊ ಹಣ ತನ್ನ ವಿಧಾನ ಬದಲಿಸಿ ಕಾರ್ಡುಗಳಿಂದ ಮೈನಿಂಗ್ (ಹೊಸ ನಾಣ್ಯ ಗಳಿಸುವ ಲೆಕ್ಕಾಚಾರ) ಮಾಡುವುದನ್ನು ಕೈಬಿಟ್ಟಿತು. ಹಗಲು ರಾತ್ರಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಸವೆದಿರುವುದು ಹೆಚ್ಚಾಗಿ ಫ್ಯಾನು. ಕೈಯಿಂದ ತಿರುಗಿಸಿ ನೋಡಿ, ಅಲ್ಲಾಡಿದರೆ ಬೇಡ. ಆರ್‌ಎಕ್ಸ್ 580 ಕೊಳ್ಳುವವರು ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ಶೇಡರ್ (ಬಣ್ಣದ ಲೆಕ್ಕ ಮಾಡುವ ಘಟಕ) ಸಂಖ್ಯೆ ನೋಡಲೇಬೇಕು. ಅಸಲಿಯಲ್ಲಿ 2304. ಚೀನಾ ಮಾರುಕಟ್ಟೆಗೆಂದು ಮಾಡಿದ, ಅದೇ ಹೆಸರು ಹೊತ್ತ ಇನ್ನೊಂದರಲ್ಲಿ 2048.

ಎಲ್ಲಿಯವರೆಗೆ ಹಳೆಯದರ ಮೇಲೆ ಹಾಕುವುದು? ನನ್ನ ಲೆಕ್ಕ ಹೀಗೆ: ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕಾರ್ಡು ಮೂರೂ ನಾಳೆ ಹೊಸ ಬೋರ್ಡಿಗೆ ಜೊತೆಯಲ್ಲಿ ಬರುತ್ತವೆ. ಡಿಡಿಆರ್3 ರ‍್ಯಾಮ್, ಹಳೆ ಸಾಕೆಟ್ಟಿನ ಸಿಪಿಯು ಬರುವುದಿಲ್ಲ, ಅವಕ್ಕೆ ತೀರಾ ಅಗ್ಗವಾದರೆ ಮಾತ್ರ ಕೈಹಾಕಿ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನದನ್ನು, ಕೆಲವನ್ನು ಬಿಟ್ಟರೆ, ಅಧಿಕೃತವಾಗಿ ಒಪ್ಪುವುದಿಲ್ಲ.

ನಿಮ್ಮದು ಇಂಟೆಲ್ ಬದಲು ಎಎಂಡಿ ಕಂಪನಿಯ ಸಿಪಿಯು ಕೂರುವ ಎಎಂ4 ಬೋರ್ಡಾಗಿದ್ದರೆ ನೀವು ಅದೃಷ್ಟವಂತರು. 2017ರ ರೈಜೆನ್ 5 1600 ಸಿಪಿಯು ಇದ್ದ ಅದೇ ಬೋರ್ಡಿನಲ್ಲಿ 2022ರ ರೈಜೆನ್ 5 5600 ಕೂರಿಸಬಹುದು, ರ‍್ಯಾಮ್ ಕೂಡ ಬದಲಿಸಬೇಕಿಲ್ಲ. ಬೋರ್ಡ್ ಕಂಪನಿಯ ಪುಟದಲ್ಲಿ ನಿಮ್ಮ ಮಾದರಿಗೆ ಅದರ ಬೆಂಬಲ ಇದೆಯಾ ನೋಡಿ, ಹಳೆ ಸಿಪಿಯು ಇನ್ನೂ ಸಾಕೆಟ್ಟಿನಲ್ಲಿರುವಾಗಲೇ ಬಯಾಸ್ (ಬೋರ್ಡನ್ನು ಎಬ್ಬಿಸುವ ತಂತ್ರಾಂಶ) ಅಪ್‌ಡೇಟ್ ಮಾಡಿ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಮತ್ತೆ ಏಳದೇ ಇರಬಹುದು. ಯುಪಿಎಸ್ ಇಲ್ಲದ ಮನೆಯವರು ಆ ಹತ್ತು ನಿಮಿಷಕ್ಕೆ ಸ್ನೇಹಿತರಿಂದ ಒಂದನ್ನು ತಂದುಕೊಳ್ಳಿ, ಅದರ ಬ್ಯಾಟರಿ ನಿಲ್ಲುತ್ತಾ ಅಂತ ಮೊದಲು ಪ್ಲಗ್ ಕಿತ್ತು ನೋಡಿ.