ಪದ ಪರಿಚಯ: ಫೋಟೋಕ್ಯಾಟಲಿಟಿಕ್ ಲೇಪ

ನೀರಿನ ಟ್ಯಾಂಕಿನ ಮುಚ್ಚಳ ಒಡೆದು ಒಳಗೆ ಬಿಸಿಲು ಬೀಳತೊಡಗಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಸ್ವಲ್ಪ ದಿನದಲ್ಲೇ ಗೋಡೆಗೆಲ್ಲಾ ಹಸಿರು ಪಾಚಿ, ಕೈಯಿಟ್ಟರೆ ಲೊಳಲೊಳ. ಬೆಳಕು ಬಿದ್ದಲ್ಲಿ ಪಾಚಿ, ಅಲ್ವಾ? ಅದೇ ಬೆಳಕನ್ನು ಪಾಚಿಯ ಮೇಲೆಯೇ ತಿರುಗಿಬೀಳುವಂತೆ ಮಾಡುವುದು ಫೋಟೋಕ್ಯಾಟಲಿಟಿಕ್, ಅಂದರೆ ಬೆಳಕಿನ ಬಲದಿಂದ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ, ಈ ಲೇಪದ ಕೆಲಸ.

ಇದರ ಜೊತೆಗೇ ತಿಳಿಯಬೇಕಾದ ಇನ್ನೊಂದು ಪದ ಬಯೋಫೌಲಿಂಗ್. ಅಂದರೆ ನೀರಲ್ಲಿ ಮುಳುಗಿದ ವಸ್ತುವಿನ ಮೇಲೆ ಜೀವಿಗಳು ಮನೆ ಮಾಡಿಕೊಳ್ಳುವುದು. ಸಮುದ್ರಕ್ಕೆ ಒಂದು ಗಾಜಿನ ತುಂಡು ಇಳಿಬಿಡಿ. ನಿಮಿಷಗಳಲ್ಲಿ ಪ್ರೋಟೀನಿನಂಥ ಅಂಶಗಳು ತೆಳ್ಳಗೆ ಅಂಟುತ್ತವೆ. ಗಂಟೆಗಳಲ್ಲಿ ಬ್ಯಾಕ್ಟೀರಿಯಾ ಬರುತ್ತದೆ. ಆಮೇಲೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಸೇರಿ ಲೋಳೆ ಕಟ್ಟುತ್ತದೆ. ಬಾರ್ನಕಲ್ ಎಂಬ ಗಟ್ಟಿ ಚಿಪ್ಪಿನ ಸಣ್ಣ ಸಮುದ್ರಜೀವಿಯ ಮರಿಗಳಂತೂ ಬಂದು ಸಿಮೆಂಟ್ ಹಾಕಿ ಕೂರುತ್ತವೆ. ಸುಮ್ನೆ ಹೇಳಿದ ಮಾತಲ್ಲ, ಅವುಗಳ ಅಂಟಿಗೆ ವಿಜ್ಞಾನಿಗಳು ಇಟ್ಟ ಹೆಸರೇ ಸಿಮೆಂಟ್. ಮಲ್ಪೆಯಲ್ಲೋ ಮಂಗಳೂರಿನಲ್ಲೋ ಬೋಟನ್ನು ದಡಕ್ಕೆ ಎಳೆದು ಅಡಿಭಾಗ ಕೆರೆಯುವುದು ಇದೇ ಕಾಟಕ್ಕೆ. ಇದು ಮೆತ್ತಿಕೊಂಡರೆ ಬೋಟಿಗೆ ಡೀಸೆಲ್ ಜಾಸ್ತಿ ಬೇಕು. ನೀರೊಳಗಿನ ಕ್ಯಾಮೆರಾಗಾದರೆ ಕಣ್ಣೇ ಮುಚ್ಚಿಹೋಗುತ್ತದೆ.

ಹಿಂದೆ ಇದಕ್ಕೆ ಮದ್ದು ಅಂದರೆ ವಿಷದ ಬಣ್ಣ. ಟಿಬಿಟಿ ಎಂಬ ತವರದ ಸಂಯುಕ್ತ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಅದು ಬಣ್ಣದಿಂದ ನೀರಿಗೆ ಬಿಟ್ಟುಕೊಂಡು ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯ ಸಿಂಪಿ ಸಾಕಣೆಯನ್ನೇ ಹಾಳುಮಾಡಿತು. ಹಡಗುಗಳಿಗೆ ಅದನ್ನು ಬಳಿಯಬಾರದೆಂಬ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂತು. ಈಗ ಹೆಚ್ಚಾಗಿ ಬಳಸುವುದು ತಾಮ್ರದ ಬಣ್ಣ. ಅದೂ ನೀರಿಗೆ ಬಿಟ್ಟುಕೊಳ್ಳುವಂಥದ್ದೇ.

ಫೋಟೋಕ್ಯಾಟಲಿಟಿಕ್ ಲೇಪದ ದಾರಿ ಬೇರೆ. ಇಲ್ಲಿ ಹೆಚ್ಚಾಗಿ ಬಳಸುವ ಟೈಟಾನಿಯಂ ಡೈಆಕ್ಸೈಡ್ ನಮಗೆ ಹೊಸದೇನಲ್ಲ. ಗೋಡೆಯ ಬಿಳಿ ಬಣ್ಣದಲ್ಲಿ, ಸನ್‌ಸ್ಕ್ರೀನಿನಲ್ಲಿ ಇರುವ ಬಿಳಿ ಪುಡಿಯೇ ಅದು. ಬೆಳಕು ಬಿದ್ದರೆ ಈ ವಸ್ತು ನೀರನ್ನೇ ಒಡೆಯಬಲ್ಲದು ಎಂದು ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ 1972ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಮೇಲೆ ಇದರ ಕಡೆ ಎಲ್ಲರ ಗಮನ ಹರಿಯಿತು. ಅತಿನೇರಳೆ ಕಿರಣ ತಾಗಿದರೆ ಅದರೊಳಗಿನ ಎಲೆಕ್ಟ್ರಾನ್ ಜಿಗಿಯುತ್ತದೆ, ಅದಿದ್ದ ಜಾಗ ಖಾಲಿಯಾಗುತ್ತದೆ. ಆ ಖಾಲಿ ಜಾಗ ಪಕ್ಕದ ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡಾಗ ಹುಟ್ಟುವುದು ಹೈಡ್ರಾಕ್ಸಿಲ್ ರ‍್ಯಾಡಿಕಲ್. ಭಾರಿ ಮುಂಗೋಪಿ ಕಣ ಇದು. ಎದುರಿಗೆ ಸಿಕ್ಕ ಬ್ಯಾಕ್ಟೀರಿಯಾದ ಹೊರಪದರವನ್ನೇ ಹರಿದುಹಾಕುತ್ತದೆ. ಆದರೆ ಕಣ್ಣು ಮಿಟುಕಿಸುವುದರೊಳಗೆ, ಅಲ್ಲ, ಅದಕ್ಕಿಂತ ಎಷ್ಟೋ ಮೊದಲೇ ಇಲ್ಲವಾಗುತ್ತದೆ. ಹಾಗಾಗಿ ದೂರ ಹೋಗಲಾರದು. ಲೇಪಕ್ಕೆ ಅಂಟಲು ಬಂದವರಿಗಷ್ಟೇ ಏಟು, ಪಕ್ಕದಲ್ಲಿ ಈಜಿ ಹೋಗುವ ಮೀನಿನ ತಂಟೆಗಿಲ್ಲ. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಈ ಗುಣವೇ.

ತೊಡಕುಗಳೂ ಇವೆ. ಟೈಟಾನಿಯಂ ಡೈಆಕ್ಸೈಡನ್ನು ಎಬ್ಬಿಸಲು ಸುಮಾರು 390 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕು, ಅಂದರೆ ಅತಿನೇರಳೆ ಕಿರಣ ಬೇಕು. ಬಿಸಿಲಿನಲ್ಲಿ ಅದು ಇರುವುದೇ ಕಡಿಮೆ, ರಾಡಿ ನೀರಲ್ಲಿ ಅದೂ ಬೇಗ ಕಳೆದುಹೋಗುತ್ತದೆ. ಹಡಗಿನ ಅಡಿಯಲ್ಲಂತೂ ಯಾವಾಗಲೂ ಕತ್ತಲೆ. ಅತಿನೇರಳೆ ಕಿರಣದ ಕೊರತೆ ನೀಗಲೆಂದು ಮಾಮೂಲಿ ಬೆಳಕಿಗೂ ಎಚ್ಚರವಾಗುವ ಸತುವಿನ ಆಕ್ಸೈಡಿನ ಸೂಕ್ಷ್ಮ ಕಡ್ಡಿಗಳನ್ನು ಒಮಾನಿನ ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯದಂಥ ಕಡೆ ಪರೀಕ್ಷಿಸಿದ್ದಾರೆ. ಗಾಜಿನ ಕಿಟಕಿ ಇರುವ ಸಣ್ಣ ಉಪಕರಣಕ್ಕಾದರೆ ಒಳಗಿನಿಂದಲೇ ಎಲ್‌ಇಡಿ ಹಚ್ಚಬಹುದು. ಆದರೆ ಒಮ್ಮೆ ಬಾರ್ನಕಲ್ ಗಟ್ಟಿಯಾಗಿ ಕೂತಿತೋ, ಅದನ್ನು ಏಳಿಸುವ ಶಕ್ತಿ ಈ ಲೇಪಕ್ಕಿಲ್ಲ. ಲೋಳೆ ಹಂತದಲ್ಲೇ ತಡೆದರೆ ಉಂಟು.

ಇನ್ನೊಂದು ತಮಾಷೆ. ಈ ರ‍್ಯಾಡಿಕಲ್‌ಗೆ ತನ್ನವರು, ಹೊರಗಿನವರು ಎಂಬ ಭೇದವಿಲ್ಲ. ಪುಡಿಯನ್ನು ಹಿಡಿದಿಟ್ಟ ಅಂಟನ್ನೂ ಅದು ತಿನ್ನುತ್ತದೆ. ಹಾಗಾಗಿ ಗೋಡೆ ಬಣ್ಣಕ್ಕೆ ಹಾಕುವ ಪುಡಿಯ ಒಂದೊಂದು ಕಣಕ್ಕೂ ಅಲ್ಯೂಮಿನಾ, ಸಿಲಿಕಾದ ಹೊದಿಕೆ ತೊಡಿಸಿ ಅದರ ಈ ಚಟವನ್ನು ಅಡಗಿಸಿರುತ್ತಾರೆ. ನೀರೊಳಗಿನ ಲೇಪಕ್ಕೆ ಬೇಕಾಗಿರುವುದೋ, ಆ ಹೊದಿಕೆ ಇಲ್ಲದ ಪುಡಿ.